ಆ್ಯಪ್‌ಗಳಲ್ಲಿ ಕಡತಗಳ ನೆಲೆ ಮತ್ತು ಪರೀಕ್ಷಾ ಆವೃತ್ತಿಗಳ ವಿತರಣೆ

ಕ್ಷೇತ್ರಕಾರ್ಯಕ್ಕೆ ಹೊರಟ ವಿದ್ಯಾರ್ಥಿಯು ಧ್ವನಿಮುದ್ರಣವನ್ನೂ ಟಿಪ್ಪಣಿಯನ್ನೂ ಮೊಬೈಲಿನ ಆ್ಯಪ್ ಒಂದರಲ್ಲಿಯೇ ಸಂಗ್ರಹಿಸುವುದು ಇಂದು ವಾಡಿಕೆಯಾಗಿದೆ. ಆ ಕಡತಗಳು ಎಲ್ಲಿ ನೆಲಸುತ್ತವೆ, ಆ್ಯಪ್‌ನ ಹೊಸ ಆವೃತ್ತಿ ಬಂದಾಗ ಉಳಿಯುತ್ತವೆಯೇ ಎಂಬ ಪ್ರಶ್ನೆಗಳನ್ನು, ಮುಖ್ಯವಾಗಿ ಐಫೋನನ್ನು ಗಮನದಲ್ಲಿರಿಸಿಕೊಂಡು, ಇಲ್ಲಿ ಸ್ಥೂಲವಾಗಿ ವಿವೇಚಿಸಿದ್ದೇವೆ.

ಐಫೋನಿನಲ್ಲಿ ಪ್ರತಿಯೊಂದು ಆ್ಯಪ್‌ಗೂ ಅದರದೇ ಆದ ಆವರಣವುಂಟು. ಒಂದರ ಆವರಣಕ್ಕೆ ಮತ್ತೊಂದು ತಾನಾಗಿ ಪ್ರವೇಶಿಸಲಾರದು. ಅದರೊಳಗೆ ‘ಡಾಕ್ಯುಮೆಂಟ್ಸ್’, ‘ಲೈಬ್ರರಿ’, ತಾತ್ಕಾಲಿಕ ಕಡತಗಳ ‘ಟಿಎಂಪಿ’ ಎಂಬ ಕೋಶಗಳಿವೆ. ಲೈಬ್ರರಿಯಲ್ಲಿ ‘ಕ್ಯಾಷಸ್’ ಎಂಬ ಒಳಕೋಶವಿದೆ. ಬಳಕೆದಾರನೇ ಸೃಷ್ಟಿಸಿದ, ಮರಳಿ ದೊರೆಯದ ಸಾಮಗ್ರಿಗೆ ಡಾಕ್ಯುಮೆಂಟ್ಸ್ ತಕ್ಕ ನೆಲೆ. ಅದು ಬ್ಯಾಕಪ್‌ನಲ್ಲಿಯೂ ಸೇರುತ್ತದೆ. ಕ್ಯಾಷಸ್ ಮತ್ತು ಟಿಎಂಪಿ ಸೇರುವುದಿಲ್ಲ. ಅಷ್ಟೇ ಅಲ್ಲ, ಸ್ಥಳಾಭಾವ ಒದಗಿದಾಗ ಕ್ಯಾಷಸ್‌ನಲ್ಲಿರುವುದನ್ನು ಕಾರ್ಯಾಚರಣ ವ್ಯವಸ್ಥೆಯೇ ಅಳಿಸಬಹುದು. ಧ್ವನಿಮುದ್ರಣವನ್ನು ಅಲ್ಲಿರಿಸುವುದು, ನಮ್ಮ ಅಭಿಪ್ರಾಯದಲ್ಲಿ, ಹಸ್ತಪ್ರತಿಯನ್ನು ರದ್ದಿ ಕಾಗದದ ರಾಶಿಯ ಮೇಲಿಟ್ಟಂತೆ.

ಇದಕ್ಕಿಂತಲೂ ಸೂಕ್ಷ್ಮವಾದ ದೋಷ ಮತ್ತೊಂದಿದೆ. ಆವರಣದ ಪೂರ್ಣ ವಿಳಾಸದಲ್ಲಿ ವ್ಯವಸ್ಥೆಯು ಕೊಟ್ಟ ಉದ್ದನೆಯ ಗುರುತು ಸೇರಿರುತ್ತದೆ. ಆ್ಯಪ್ ನವೀಕರಣಗೊಂಡಾಗ ಈ ಗುರುತು ಬದಲಾಗಬಹುದು. ಕಡತಗಳೇನೋ ಹೊಸ ವಿಳಾಸಕ್ಕೆ ಸಾಗುತ್ತವೆ. ಆದರೆ ಹಳೆಯ ಪೂರ್ಣ ವಿಳಾಸವನ್ನೇ ಬರೆದಿಟ್ಟುಕೊಂಡ ಆ್ಯಪ್‌ಗೆ ಅವು ಕಾಣವು. ಕಡತದ ಹೆಸರನ್ನು ಮಾತ್ರ ಬರೆದಿಟ್ಟುಕೊಂಡು, ಕೋಶದ ವಿಳಾಸವನ್ನು ಪ್ರತಿ ಸಲವೂ ವ್ಯವಸ್ಥೆಯಿಂದಲೇ ಕೇಳಿ ಪಡೆಯುವುದು ಇದಕ್ಕೆ ಪರಿಹಾರ.

ಹೊಸದಾಗಿ ಸ್ಥಾಪಿಸಿದ ಪ್ರತಿಯನ್ನಷ್ಟೇ ಪರೀಕ್ಷಿಸಿದರೆ ಈ ದೋಷ ಗೋಚರಿಸದು. ಹಳೆಯ ಆವೃತ್ತಿಯಲ್ಲಿ ಕೆಲವು ಕಡತಗಳನ್ನು ಕೂಡಿಟ್ಟು, ಅದರ ಮೇಲೆಯೇ ಹೊಸದನ್ನು ಸ್ಥಾಪಿಸಿ ನೋಡಬೇಕು. ಇದಕ್ಕೆ ಆಪಲ್ ಸಂಸ್ಥೆಯ ‘ಟೆಸ್ಟ್‌ಫ್ಲೈಟ್’ ಅನುಕೂಲವಾಗಿದೆ. ಅದರ ಮೂಲಕ ಹೊರಗಿನ 10,000 ಮಂದಿಯವರೆಗೆ ಪರೀಕ್ಷಾ ಆವೃತ್ತಿಯನ್ನು ಹಂಚಬಹುದು. ಪ್ರತಿ ಆವೃತ್ತಿಯ ಆಯುಷ್ಯ 90 ದಿನ. ಆಮೇಲೆ ಅದು ತೆರೆಯದು. ಆಗ ಗಾಬರಿಗೊಂಡು ಆ್ಯಪ್ ಅನ್ನೇ ತೆಗೆದುಹಾಕುವವರಿದ್ದಾರೆ. ಹಾಗೆ ಮಾಡಿದರೆ ಆವರಣದೊಡನೆ ಕಡತಗಳೂ ಅಳಿಯುತ್ತವೆ. ಹೊಸ ಆವೃತ್ತಿಯನ್ನು ಅದರ ಮೇಲೆಯೇ ಸ್ಥಾಪಿಸಿದರೆ ಉಳಿಯುತ್ತವೆ. ಸಾಧನಗಳ ಗುರುತನ್ನು ಮುಂಚಿತವಾಗಿ ನೋಂದಾಯಿಸಿ ನೇರವಾಗಿ ಹಂಚುವ ಕ್ರಮವೂ ಉಂಟು. ಅದರಲ್ಲಿ ವರ್ಷಕ್ಕೆ 100 ಐಫೋನುಗಳ ಮಿತಿಯಿದೆ.

ಆಂಡ್ರಾಯ್ಡ್‌ನಲ್ಲಿ ತೊಡಕು ಬೇರೆ ಬಗೆಯದು. ಹೊಸ ಆವೃತ್ತಿಯಲ್ಲಿ ಹಳೆಯದರ ಡಿಜಿಟಲ್ ಸಹಿಯೇ ಇರಬೇಕು. ತಯಾರಕನ ಕಂಪ್ಯೂಟರಿನಿಂದ ನೇರವಾಗಿ ಕಳುಹಿಸಿದ ಪರೀಕ್ಷಾ ಪ್ರತಿಗೂ ಪ್ಲೇ ಸ್ಟೋರಿನ ಪ್ರತಿಗೂ ಸಹಿ ಭಿನ್ನವಾಗಿದ್ದರೆ, ಮೊದಲಿನದನ್ನು ತೆಗೆಯದೆ ಎರಡನೆಯದು ಸ್ಥಾಪಿತವಾಗದು. ಆದಕಾರಣ ಸಂಗ್ರಹಕಾರ್ಯ ಆರಂಭವಾಗುವ ಮೊದಲೇ, ಪರೀಕ್ಷಾ ಪ್ರತಿಯಲ್ಲಿರುವ ಧ್ವನಿಮುದ್ರಣಗಳನ್ನು ಹೊರಕ್ಕೆ ರವಾನಿಸುವ ಸೌಲಭ್ಯ ಅದರಲ್ಲಿದೆಯೇ ಎಂದು ವಿಚಾರಿಸಿಕೊಳ್ಳಬೇಕು.