ಮಾತನ್ನು ಕಣ್ಣಿಗೆ ಕಾಣಿಸುವ ಉದ್ಯೋಗ

ದೂರದರ್ಶನದ ಧ್ವನಿಯನ್ನು ಪೂರ್ತಿಯಾಗಿ ಅಡಗಿಸಿ ಹತ್ತು ನಿಮಿಷ ನೋಡಿರಿ. ತುಟಿಗಳು ಅಲುಗುವುವು, ಜನರು ನಗುವರು. ಏತಕ್ಕೆಂಬುದು ಮಾತ್ರ ತಿಳಿಯದು. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಶ್ರವಣದೋಷವುಳ್ಳವರು ಸುಮಾರು 50 ಲಕ್ಷ. ಅವರ ಪಾಲಿಗೆ ಈ ಹತ್ತು ನಿಮಿಷ ಮುಗಿಯುವುದೇ ಇಲ್ಲ.

ಮಾತನ್ನು ತೆರೆಯ ಮೇಲೆ ಅಕ್ಷರವಾಗಿ ತೋರಿಸುವ ‘ಕ್ಲೋಸ್ಡ್ ಕ್ಯಾಪ್ಶನ್’ ಈ ಕೊರತೆಯನ್ನು ನೀಗುವ ಉಪಾಯ. ಬೇಕೆಂದವರಿಗೆ ಮಾತ್ರ ಕಾಣುವುದರಿಂದ ಅದಕ್ಕೆ ಆ ಹೆಸರು. ಅಮೆರಿಕದಲ್ಲಿ 1980ರ ಮಾರ್ಚ್ ತಿಂಗಳಲ್ಲಿ ಇದು ಕ್ರಮವಾಗಿ ಆರಂಭವಾಯಿತು. ಆಗ ಟೆಲಿವಿಷನ್ ಸಂಕೇತದ 21ನೆಯ ರೇಖೆಯಲ್ಲಿ ಅಕ್ಷರಗಳನ್ನು ಅಡಗಿಸಿ ಕಳುಹಿಸುತ್ತಿದ್ದರು. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ 42ನೆಯ ಪ್ರಕರಣವೂ ಈ ಸೌಕರ್ಯವನ್ನು ಹೆಸರಿಸಿದೆ.

ಇಂದು ಅಂತರ್ಜಾಲದ ಚಿತ್ರಗಳಿಗೆ ಇದನ್ನು ಪ್ರತ್ಯೇಕ ಕಡತವಾಗಿ ಮನೆಯಲ್ಲಿಯೇ ಕುಳಿತು ಸಿದ್ಧಪಡಿಸಬಹುದು. ಪ್ರತಿಯೊಂದು ಮಾತಿಗೂ ಆರಂಭದ ಮತ್ತು ಮುಕ್ತಾಯದ ವೇಳೆಯನ್ನು ಕೊಡಬೇಕು. 00:01:02,500 ಎಂದರೆ ಒಂದು ನಿಮಿಷ ಎರಡೂವರೆ ಸೆಕೆಂಡು. ಮಾತಿನೊಡನೆ ‘ಬಾಗಿಲು ಬಡಿದ ಸದ್ದು’ ಎಂಬಂಥವನ್ನೂ ಬರೆಯಬೇಕು. ಕನ್ನಡಕ್ಕೆ ಇನ್ನೊಂದು ವಿಶೇಷವುಂಟು. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರ; ಗಣಕಯಂತ್ರಕ್ಕೆ ಆರು ಸಂಕೇತಗಳು. ಆದುದರಿಂದ ಸಾಲಿಗೆ ಇಷ್ಟೇ ಅಕ್ಷರಗಳೆಂದು ಇಂಗ್ಲಿಷಿಗಾಗಿ ಮಾಡಿದ ಲೆಕ್ಕವು ಕನ್ನಡಕ್ಕೆ ಹಾಗೆಯೇ ಒಗ್ಗದು.

ಯಂತ್ರಗಳೇ ಈಗ ಮಾತನ್ನು ಬರಹಕ್ಕಿಳಿಸುತ್ತಿರುವಾಗ ಮನುಷ್ಯನೇಕೆ ಎಂದು ಕೇಳಬಹುದು. ‘ಬಂದಾನ’, ‘ಹೋಗ್ಯಾನ’ ಎನ್ನುವ ಆಡುನುಡಿಯಲ್ಲಿ ಯಂತ್ರವು ಎಡವುವುದುಂಟು; ಅದನ್ನು ತಿದ್ದಲು ಆ ನುಡಿಯಲ್ಲಿ ಬೆಳೆದ ಕಿವಿಯೇ ಬೇಕು. ವಿಜಯಪುರ ಜಿಲ್ಲೆಯ ಚಡಚಣದ ಸೀಮೆಗೆ ಈ ವಿದ್ಯೆ ಹೊಸದಲ್ಲ. ಚಡಚಣದ ಸಿಂಪಿ ಲಿಂಗಣ್ಣ, ಹಲಸಂಗಿಯ ಮಧುರಚೆನ್ನ ಮೊದಲಾದ ಗೆಳೆಯರು ಜನರ ಬಾಯಿಂದ ಹಾಡುಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಪ್ರಕಟವಾಯಿತು. ಕೇಳಿದುದನ್ನು ಕೇಳಿದಂತೆ ಬರೆಯುವುದು ಆಗಲೂ ಈಗಲೂ ಒಂದೇ ಶಿಸ್ತು.

ಇನ್ನು ಸಂಪಾದನೆ. ಕೂಲಿಯನ್ನು ಸಾಮಾನ್ಯವಾಗಿ ಚಿತ್ರದ ನಿಮಿಷಕ್ಕೆ ಕಟ್ಟುವರೇ ಹೊರತು ದುಡಿದ ಗಂಟೆಗಲ್ಲ. ನಿಮಿಷಕ್ಕೆ 20 ರೂಪಾಯಿ ಎಂದು ಭಾವಿಸೋಣ. ಒಂದು ನಿಮಿಷದ ಚಿತ್ರಕ್ಕೆ ಹೊಸಬರು 10 ನಿಮಿಷ ತೆಗೆದುಕೊಂಡರೆ ಗಂಟೆಗೆ 120 ರೂಪಾಯಿ ಆಯಿತು. ಅಭ್ಯಾಸದಿಂದ 5 ನಿಮಿಷಕ್ಕೆ ಇಳಿದರೆ 240. ಆದುದರಿಂದ ದರವನ್ನು ಒಪ್ಪುವ ಮೊದಲು ನಿಮ್ಮ ವೇಗವನ್ನು ಗಡಿಯಾರವಿಟ್ಟು ಅಳೆಯಿರಿ. ಕೆಲಸ ಕೊಡುವೆನೆಂದು ಮುಂಗಡ ಹಣ ಕೇಳುವವರಿಂದ ದೂರವಿರಿ.

ಕೊನೆಗೊಂದು ಪರೀಕ್ಷೆ. ನೀವು ಬರೆದುದನ್ನು ಧ್ವನಿಯಿಲ್ಲದೆ ಓದಿ ನೋಡಿರಿ. ಕಥೆ ಅರ್ಥವಾದರೆ ಕೆಲಸ ಸರಿಯಾಗಿದೆ. ಆಗದಿದ್ದರೆ ಇನ್ನೊಮ್ಮೆ ಕಿವಿಗೊಡಿರಿ.