ನೀರಿದ್ದರೆ ಸಾಲದು, ಎತ್ತರವೂ ಬೇಕು

ಕನ್ನಂಬಾಡಿ ಕಟ್ಟೆಯನ್ನು ನಾವು ಇಂದು ಭತ್ತ, ಕಬ್ಬುಗಳ ಲೆಕ್ಕದಲ್ಲಿ ನೆನೆಯುತ್ತೇವೆ. 1911ರಲ್ಲಿ ಅದರ ಕೆಲಸ ಆರಂಭವಾದಾಗ ಮೈಸೂರು ಸಂಸ್ಥಾನದ ಮುಂದಿದ್ದ ದೊಡ್ಡ ಚಿಂತೆಗಳಲ್ಲಿ ವಿದ್ಯುತ್ತಿನದೂ ಒಂದು. 1902ರಿಂದ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಅದೂ ಸೊರಗುತ್ತಿತ್ತು. ಮಳೆಗಾಲದ ನೀರನ್ನು ಮೇಲ್ಗಡೆ ಹಿಡಿದಿಟ್ಟು ಬೇಸಿಗೆಯಲ್ಲಿ ಬಿಡುವುದು ಅಂದಿನ ಉಪಾಯ.

ಇಂದಿನ ಚಿಂತೆ ಋತುಗಳ ನಡುವಿನದಲ್ಲ, ಮಧ್ಯಾಹ್ನ ಮತ್ತು ಸಂಜೆಯ ನಡುವಿನದು. ಪಾವಗಡದಲ್ಲಿ 2,050 ಮೆಗಾವಾಟ್‌ನ ಸೌರ ವಿದ್ಯುತ್ ಪಾರ್ಕ್ ಇದೆ. ಆದರೆ ಮನೆಮನೆಯಲ್ಲಿ ದೀಪ ಹೊತ್ತುವ ವೇಳೆಗೆ ಸೂರ್ಯ ಮುಳುಗಿರುತ್ತಾನೆ. ಹಗಲಿನ ವಿದ್ಯುತ್ತನ್ನು ರಾತ್ರಿಗೆ ಉಳಿಸುವ ಒಂದು ಹಳೆಯ ದಾರಿ ಪಂಪ್ಡ್ ಸ್ಟೋರೇಜ್. ಕೆಳಗೊಂದು ಕೆರೆ, ಮೇಲೊಂದು ಕೆರೆ, ನಡುವೆ ಸುರಂಗ. ವಿದ್ಯುತ್ತು ಹೆಚ್ಚಾಗಿರುವಾಗ ನೀರನ್ನು ಮೇಲಕ್ಕೆತ್ತುವುದು, ಬೇಕಾದಾಗ ಅದನ್ನೇ ಟರ್ಬೈನಿನ ಮೇಲೆ ಬಿಡುವುದು. ನೂರು ಯೂನಿಟ್ ಖರ್ಚು ಮಾಡಿದರೆ ಎಂಬತ್ತರಷ್ಟು ಮರಳಿ ಬಂದರೆ ಹೆಚ್ಚು. ಲೆಕ್ಕದಲ್ಲಿ ಇದು ನಷ್ಟದ ವ್ಯಾಪಾರವೇ. ಅಗ್ಗದ ಹೊತ್ತಿನ ಸರಕನ್ನು ದುಬಾರಿ ಹೊತ್ತಿನಲ್ಲಿ ಮಾರುವುದರಿಂದ ನಡೆಯುತ್ತದೆ.

ಇಂಥ ಯೋಜನೆಗೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಜಾಗ ಹುಡುಕುವುದೆಂದರೆ ಏನನ್ನು ಹುಡುಕುವುದು? ನೀರನ್ನು ಎಂದು ಯಾರಾದರೂ ಹೇಳಿಯಾರು. ನೀರು ಇಲ್ಲಿ ಅಷ್ಟೇನೂ ಅಪರೂಪವಲ್ಲ. ಕಾವೇರಿ, ಕಬಿನಿ, ಲಕ್ಷ್ಮಣತೀರ್ಥಗಳಿವೆ, ಹನಗೋಡಿನ ಅಣೆಕಟ್ಟೆಯಿದೆ, ಬೀಚನಹಳ್ಳಿಯಲ್ಲಿ ಸುಮಾರು 19.5 ಟಿಎಂಸಿ ಹಿಡಿಯುವ ಕಬಿನಿ ಜಲಾಶಯವಿದೆ. ಅಪರೂಪವಾದದ್ದು ಎತ್ತರ.

ಸ್ವಲ್ಪ ಲೆಕ್ಕ ಹಾಕೋಣ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 4,000 ಲೀಟರ್ ನೀರು 100 ಮೀಟರ್ ಕೆಳಗೆ ಬೀಳಬೇಕು. ಚುಂಚನಕಟ್ಟೆಯಲ್ಲಿ ಕಾವೇರಿ ಧುಮುಕುವುದು ಸುಮಾರು 20 ಮೀಟರ್. ಅಷ್ಟೇ ಎತ್ತರವಾದರೆ ಒಂದು ಯೂನಿಟ್ಟಿಗೆ 20,000 ಲೀಟರ್ ಬೇಕು. 400 ಮೀಟರ್ ಸಿಕ್ಕರೆ ಸಾವಿರ ಲೀಟರ್ ಸಾಕು. 100 ಮೆಗಾವಾಟ್‌ನ ಯೋಜನೆ ಆರು ಗಂಟೆ ನಡೆಯಬೇಕಾದರೆ, 100 ಮೀಟರ್ ಎತ್ತರದಲ್ಲಿ 10 ಮೀಟರ್ ಆಳದ, 60 ಎಕರೆಯ ಕೆರೆ ಬೇಕಾಗುತ್ತದೆ. ಮೇಲೊಂದು, ಕೆಳಗೊಂದು. 400 ಮೀಟರಾದರೆ 15 ಎಕರೆ. ನೀರಿನ ಪ್ರಮಾಣ ಮೊದಲ ಲೆಕ್ಕದಲ್ಲೂ ಟಿಎಂಸಿಯ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಒಮ್ಮೆ ತುಂಬಿದ ಮೇಲೆ ಅದೇ ನೀರು ಏರುತ್ತ ಇಳಿಯುತ್ತ ಇರುತ್ತದೆ. ಆವಿಯಾದಷ್ಟನ್ನು, ಇಂಗಿದಷ್ಟನ್ನು ಸೇರಿಸಿದರಾಯಿತು.

ಹೀಗಾಗಿ ಅನ್ವೇಷಣೆ ಮೊದಲಾಗುವುದು ಹೊಲದಲ್ಲಲ್ಲ, ಸರ್ವೆ ಆಫ್ ಇಂಡಿಯಾದ ನಕ್ಷೆಯ ಮೇಲೆ. ಸಮಾನ ಎತ್ತರದ ಸ್ಥಳಗಳನ್ನು ಜೋಡಿಸುವ ರೇಖೆಗಳು ಎಲ್ಲಿ ಒತ್ತೊತ್ತಾಗಿವೆಯೋ ಅಲ್ಲಿ ಕಡಿದಾದ ಇಳಿಜಾರು. ಕೆ.ಆರ್. ನಗರದ ಗದ್ದೆಬಯಲಿನಲ್ಲಿ, ಹುಣಸೂರಿನ ತಂಬಾಕಿನ ಹೊಲಗಳಲ್ಲಿ ಈ ರೇಖೆಗಳು ದೂರದೂರ ಮಲಗಿವೆ. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದಲ್ಲಿ ಮಾತ್ರ ಅವು ಥಟ್ಟನೆ ಗುಂಪುಗೂಡುತ್ತವೆ. ಸಿಡಿಲು ಮಲ್ಲಿಕಾರ್ಜುನನ ಬೆಟ್ಟ ಸುತ್ತಣ ಬಯಲಿನಿಂದ ಸಾವಿರ ಅಡಿಗೂ ಹೆಚ್ಚು ಎದ್ದು ನಿಂತಿದೆ. ಎಂಜಿನಿಯರನಿಗೆ ಬೇಕಾದ ಎತ್ತರವೇನೋ ಸರಿ, ಆದರೆ ಶಂಕುವಿನಂಥ ಬೆಟ್ಟದ ನೆತ್ತಿಯಲ್ಲಿ ಕೆರೆ ಕಟ್ಟಲು ಜಾಗವೆಲ್ಲಿ? ಇದ್ದರೂ ಆ ಜಾಗ ದೇವರದು.

ಇನ್ನೊಂದು ಎತ್ತರ ಪಶ್ಚಿಮದಲ್ಲಿದೆ. ಕಬಿನಿ ಜಲಾಶಯ ತುಂಬಿದಾಗ ಅದರ ನೀರಿನ ಮಟ್ಟ ಸಮುದ್ರದಿಂದ 2,284 ಅಡಿ, ಅಂದರೆ ಸುಮಾರು 696 ಮೀಟರ್. ಪಕ್ಕದ ನಾಗರಹೊಳೆ ಕಾಡಿನ ಅತಿ ಎತ್ತರದ ತಾಣ 960 ಮೀಟರ್. ಕೆಳಗಿನ ಕೆರೆ ಸಿದ್ಧವಾಗಿಯೇ ಇದೆ, 260 ಮೀಟರಿನಷ್ಟು ಎತ್ತರದ ಅಂತರವೂ ಕಾಣುತ್ತದೆ. ಆದರೆ ಆ ಕಾಡು 1988ರಿಂದ ರಾಷ್ಟ್ರೀಯ ಉದ್ಯಾನ, ಈಗ ಹುಲಿ ಸಂರಕ್ಷಿತ ಪ್ರದೇಶ. ಬೇಸಿಗೆಯಲ್ಲಿ ನೀರು ಇಳಿದಾಗ ಚಿಗುರುವ ಹುಲ್ಲಿಗೆ ಆನೆಗಳು ಹಿಂಡುಹಿಂಡಾಗಿ ಬರುವುದು ಇದೇ ಜಲಾಶಯದ ದಡಕ್ಕೆ. ಮೇಲೆ ಕೆರೆ ಎಂದರೆ ಕೆರೆಯಷ್ಟೇ ಅಲ್ಲ. ರಸ್ತೆ, ಸುರಂಗದಿಂದ ತೆಗೆದ ಕಲ್ಲಿನ ರಾಶಿ, ವಿದ್ಯುತ್ ತಂತಿಯ ಸಾಲು ಎಲ್ಲ ಬೇಕು.

ಇದೇ ತೊಡಕನ್ನು ಶರಾವತಿಯಲ್ಲಿ ಕಾಣುತ್ತಿದ್ದೇವೆ. ಕರ್ನಾಟಕ ವಿದ್ಯುತ್ ನಿಗಮದ 2,000 ಮೆಗಾವಾಟ್ ಯೋಜನೆಗೆ ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪೆ, ಎರಡೂ ಜಲಾಶಯ ಮೊದಲೇ ಇವೆ. ನಡುವಿನ ಎತ್ತರ 450 ಮೀಟರಿಗೂ ಹೆಚ್ಚು. ಕಾಗದದ ಮೇಲೆ ಅದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಆದರೆ ನಡುವಿನ ಕಾಡು ಸಿಂಗಳೀಕಗಳ ಅಭಯಾರಣ್ಯ, ಜನರ ವಿರೋಧ ಜೋರಾಗಿದೆ.

ನಕ್ಷೆಯಲ್ಲಿ ಜಾಗ ಸಿಕ್ಕಿದರೂ ನೆಲದಡಿಯ ಮಾತು ಬೇರೆ. ಕೋಟೆ ಸೀಮೆಯ ಸರಗೂರಿನ ಹೆಸರನ್ನು ಭೂವಿಜ್ಞಾನಿಗಳು ಒಂದು ಶಿಲಾಸಮೂಹಕ್ಕೇ ಇಟ್ಟಿದ್ದಾರೆ. ಅದರ ವಯಸ್ಸು 300 ಕೋಟಿ ವರ್ಷಕ್ಕೂ ಹೆಚ್ಚು. ಹಳೆಯದೆಂದ ಮಾತ್ರಕ್ಕೆ ಗಟ್ಟಿಯೆಂದಲ್ಲ. ಪದರಪದರವಾದ ಕಲ್ಲು ಸುರಂಗದಲ್ಲಿ ಕಳಚಿ ಬೀಳಬಹುದು, ಬಿರುಕಿನಲ್ಲಿ ಮೇಲಿನ ಕೆರೆಯ ನೀರು ಸೋರಬಹುದು. ಇದನ್ನು ತಿಳಿಯಲು ನೆಲ ಕೊರೆದು ಕಲ್ಲಿನ ಉದ್ದನೆಯ ತುಂಡುಗಳನ್ನು ಹೊರತೆಗೆದು ಪೆಟ್ಟಿಗೆಗಳಲ್ಲಿ ಸಾಲಾಗಿ ಜೋಡಿಸಿಡುತ್ತಾರೆ.

ಊರಿನವರಿಗೆ ಮೊದಲು ಕಣ್ಣಿಗೆ ಬೀಳುವುದು ಈ ಕೊರೆಯುವ ಯಂತ್ರವೇ. ಯಾರೋ ಕೊಳವೆಬಾವಿ ತೆಗೆಸುತ್ತಿದ್ದಾರೆ ಎಂದು ಕೆಲವರು ತಿಳಿದರೆ, ಕೆಲವರಿಗೆ ಎದೆ ಧಸಕ್ಕೆನ್ನುತ್ತದೆ. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿಗೆ ಊರು ಬಿಟ್ಟುಕೊಟ್ಟವರ ಮಕ್ಕಳು, ನಾಗರಹೊಳೆಯಿಂದ ಹೊರಬಂದ ಜೇನುಕುರುಬರು ಇಲ್ಲಿದ್ದಾರೆ. ಅವರ ಅಂಜಿಕೆಯನ್ನು ತಿಳಿಗೇಡಿತನವೆಂದು ತಳ್ಳುವುದು ಸರಿಯಲ್ಲ. ಕೊರೆಯುವುದು ಪರೀಕ್ಷೆಗಷ್ಟೇ, ಯೋಜನೆ ಮಂಜೂರಾಗಿದೆ ಎಂದು ಅರ್ಥವಲ್ಲ ಎಂಬುದು ನಿಜ. ಆದರೆ ಮೇಲಿನ ಕೆರೆ ಯಾರ ಸರ್ವೆ ನಂಬರಿನಲ್ಲಿ ಬರುತ್ತದೆ, ತಂತಿ ಯಾವ ಹಾಡಿಯ ಮೇಲೆ ಹಾದುಹೋಗುತ್ತದೆ ಎಂದು ಆಗಲೇ ಕೇಳಬಹುದು. ಯಂತ್ರ ಬರುವ ಮೊದಲೇ ನಕ್ಷೆಯಲ್ಲಿ ಅದರ ಗುರುತು ಬಿದ್ದಿರುತ್ತದೆ.