ಶಿವರಾತ್ರಿಯ ನಡುರಾತ್ರಿ ಎಷ್ಟು ಗಂಟೆಗೆ?

ಗೋಕರ್ಣದ ಕಥೆಯನ್ನು ಕೇಳದ ಮನೆ ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ಇರಲಾರದು. ಆತ್ಮಲಿಂಗವನ್ನು ಹೊತ್ತು ಬರುತ್ತಿದ್ದ ರಾವಣನಿಗೆ ಕಾಣದಂತೆ ವಿಷ್ಣುವು ಚಕ್ರದಿಂದ ಸೂರ್ಯನನ್ನು ಮರೆಮಾಡಿದನು. ಸಂಜೆಯಾಯಿತೆಂದು ಬಗೆದ ರಾವಣನು ವಟುರೂಪದ ಗಣಪತಿಯ ಕೈಗೆ ಲಿಂಗವನ್ನಿತ್ತು ಸಂಧ್ಯಾವಂದನೆಗೆ ಹೋದನು. ಲಿಂಗವು ಭೂಮಿಗಿಳಿಯಿತು. ಹೊತ್ತು ತಪ್ಪಿದವನ ಕೈಗೆ ಬಂದ ಭಾಗ್ಯವೂ ಜಾರಿತು.

ನಮ್ಮ ಹಿರಿಯರ ದಿನವು ಸೂರ್ಯೋದಯಕ್ಕೆ ಆರಂಭವಾಗುತ್ತಿತ್ತು. ಒಂದು ಉದಯದಿಂದ ಮರು ಉದಯಕ್ಕೆ 60 ಘಳಿಗೆ. ಒಂದು ಘಳಿಗೆಗೆ 24 ನಿಮಿಷ, ಎರಡು ಘಳಿಗೆಗೆ ಒಂದು ಮುಹೂರ್ತ, ಏಳೂವರೆ ಘಳಿಗೆಗೆ ಒಂದು ಜಾವ. ತಳದಲ್ಲಿ ಸಣ್ಣ ರಂಧ್ರವಿರುವ ತಾಮ್ರದ ಘಳಿಗೆ ಬಟ್ಟಲನ್ನು ನೀರಿನಲ್ಲಿ ತೇಲಿಬಿಟ್ಟರೆ, ಅದು ತುಂಬಿ ಮುಳುಗುವಷ್ಟರಲ್ಲಿ ಒಂದು ಘಳಿಗೆ ಕಳೆಯುತ್ತಿತ್ತು.

ಇಂದು ನಾವು ನೋಡುವುದು ಗೋಡೆಯ ಗಡಿಯಾರವನ್ನು. ಅದರ ಗಂಟೆಯು ಉತ್ತರ ಪ್ರದೇಶದ ಮಿರ್ಜಾಪುರದ ಸಮೀಪ ಹಾದುಹೋಗುವ 82½ ಡಿಗ್ರಿ ರೇಖಾಂಶದ್ದು. ಸೂರ್ಯನಿಗೆ ಒಂದು ಡಿಗ್ರಿ ಸಾಗಲು 4 ನಿಮಿಷ ಬೇಕು. ನಮ್ಮ ಕರಾವಳಿ ಆ ರೇಖೆಗೆ ಸುಮಾರು 8 ಡಿಗ್ರಿ ಪಶ್ಚಿಮಕ್ಕಿದೆ. ಆದ್ದರಿಂದ ಇಲ್ಲಿಯ ನಡುಹಗಲು, ನಡುರಾತ್ರಿಗಳು ಸರಾಸರಿ 32 ನಿಮಿಷ ತಡ. ಮಾಘ ಮಾಸದ ಕೊನೆಗೆ ಸೂರ್ಯನ ಗತಿಯಿಂದಾಗಿ ಮತ್ತೆ ಹತ್ತು-ಹದಿನಾಲ್ಕು ನಿಮಿಷ ಸೇರುತ್ತದೆ.

ಇದರ ಫಲವನ್ನು ಶಿವರಾತ್ರಿಯಂದು ನೋಡಬೇಕು. ಆ ರಾತ್ರಿ ನಾಲ್ಕು ಜಾವದ ಪೂಜೆ. ಅದರಲ್ಲಿ ನಿಶೀಥಕಾಲವು ಮುಖ್ಯ. ರಾತ್ರಿಯ ಹದಿನೈದು ಮುಹೂರ್ತಗಳಲ್ಲಿ ಎಂಟನೆಯದೇ ನಿಶೀಥ. ಗಡಿಯಾರ ಹನ್ನೆರಡು ಹೊಡೆಯಿತೆಂದು ಮಂಗಳಾರತಿ ಮುಗಿಸಿ ಮಲಗುವ ಭಕ್ತರುಂಟು. ಆದರೆ ನಿಶೀಥವು ಆಗಿನ್ನೂ ಬಂದಿರುವುದಿಲ್ಲ!

ಲೆಕ್ಕ ಸುಲಭ. ಸೂರ್ಯಾಸ್ತ 6-36ಕ್ಕೆ, ಮರುದಿನದ ಉದಯ 6-54ಕ್ಕೆ ಎಂದಿಟ್ಟುಕೊಳ್ಳಿ. ರಾತ್ರಿಯು 12 ಗಂಟೆ 18 ನಿಮಿಷ. ಅದರ ಅರ್ಧ 6 ಗಂಟೆ 9 ನಿಮಿಷ. ಅಸ್ತಕ್ಕೆ ಕೂಡಿಸಿದರೆ ನಡುರಾತ್ರಿ 12-45. ಅದರ ಹಿಂದೊಂದು ಘಳಿಗೆ, ಮುಂದೊಂದು ಘಳಿಗೆ ನಿಶೀಥ. ಅಸ್ತವು ಕಡಲಿನ ಮೇಲೆ ಕಣ್ಣಿಗೇ ಕಾಣುತ್ತದೆ. ಉದಯವನ್ನು ಘಟ್ಟದ ಬೆಟ್ಟಗಳು ಮರೆಮಾಡುವುದರಿಂದ ಪಂಚಾಂಗವನ್ನೇ ನೋಡಬೇಕು. ಆ ಪಂಚಾಂಗವು ಯಾವ ಊರಿನ ಉದಯಕ್ಕೆ ಗಣಿಸಿದ್ದೆಂಬುದನ್ನೂ ವಿಚಾರಿಸಬೇಕು.

ಒಳ್ಳೆಯ ದಿನ, ಕೆಟ್ಟ ದಿನವೆಂಬ ಅಂಜಿಕೆಯನ್ನು ಶರಣರು ಒಪ್ಪಲಿಲ್ಲ. ಶಿವನನ್ನು ನೆನೆದ ಹೊತ್ತೇ ಸುಮುಹೂರ್ತ. ಆದರೂ ಜಾಗರಣೆಗೆಂದು ಕುಳಿತ ಮೇಲೆ, ಪೂಜೆಯ ಹೊತ್ತು ಬರುವ ಮೊದಲೇ ದೀಪ ಆರಿಸುವುದು ಸಲ್ಲದು. ಈ ಬಾರಿ ಹನ್ನೆರಡು ಹೊಡೆದಾಗ ದೀಪಕ್ಕೆ ಇನ್ನಷ್ಟು ಎಣ್ಣೆ ಎರೆಯಿರಿ.